ಸ್ಟೇಜಿಲ್ಲದ ಮದುವೆ, ಕಡಲ ದಂಡೆಯ ಬೆಳಕು

(ವಿಶ್ವ ಛಾಯಾಗ್ರಹಣ ದಿನದ ಸಂಜೆ ದಾವಣಗೆರೆಯಲ್ಲಿ ಮದುವೆ ಫೋಟೋಗ್ರಾಫರ್ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈಚೆಗೆ ನಮ್ಮ ಸ್ಟುಡಿಯೋಗಳಿಗೆ ಬರುವ ಹುಡುಗ ಹುಡುಗಿಯರ ಬಾಯಲ್ಲಿ ಹೊಸ ಮಾತೊಂದು ಕೇಳುತ್ತಿದೆ. "ಅಣ್ಣ, ನಮ್ಮದು ಕಲ್ಯಾಣ ಮಂಟಪದಲ್ಲಲ್ಲ. ಗೋಕರ್ಣದಲ್ಲಿ, ಬೀಚ್ ಮೇಲೆ. ಬೋಹೋ ಸ್ಟೈಲು. ಪೋಸು ಗೀಸು ಏನೂ ಬೇಡ, ಆರಾಮಾಗಿರಬೇಕು." ಹಾಗೆ ಹೇಳಿ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಬೋಹೋ ಅಂದರೆ ಬೊಹೀಮಿಯನ್, ಕಟ್ಟುಪಾಡಿಲ್ಲದ ಶೈಲಿ. ಬರಿಗಾಲು, ಬಿಟ್ಟ ಕೂದಲು, ತಲೆಗೆ ಸುತ್ತಿದ ಹೂವು. ಬಿದಿರಿನ ಚೌಕಟ್ಟಿಗೆ ಕಟ್ಟಿದ ಒಣ ಪಂಪಾಸ್ ಹುಲ್ಲು, ಹತ್ತಿ ದಾರ ಹೆಣೆದ ತೆರೆ. ನೆಲದ ಮೇಲೆ ಜಮಖಾನ, ದಿಂಬು. ಹಿಂದೆ ಕಡಲು.

ನೋಡಲು ಎಲ್ಲವೂ ತಾನಾಗಿಯೇ ಆದ ಹಾಗಿರುತ್ತದೆ. ಹಾಗೆ ಕಾಣಿಸುವುದರ ಹಿಂದೆ ಎಷ್ಟು ತಯಾರಿ ಇದೆ ಅನ್ನುವುದನ್ನೇ ನಾನು ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ಮದುವೆಯ ಹೊತ್ತಿನಲ್ಲಿ ನಾವು ಯಾರಿಗೂ "ಇಲ್ಲಿ ನೋಡಿ", "ಅಲ್ಲಿ ನಿಲ್ಲಿ" ಅನ್ನದೆ ಇರಬೇಕು ಅಂದರೆ ಬೆಳಕು, ಗಾಳಿ, ನೀರು ಮೂರರ ಲೆಕ್ಕವೂ ಹಿಂದಿನ ದಿನವೇ ಮುಗಿದಿರಬೇಕು.

ಮಂಟಪದ ಮದುವೆಯಲ್ಲಿ ಅರ್ಧ ಕೆಲಸ ಮಂಟಪವೇ ಮಾಡಿಕೊಡುತ್ತದೆ, ಅಲ್ವಾ? ಸ್ಟೇಜ್ ಇದೆ, ಲೈಟು ಒಂದೇ ಕಡೆಯಿಂದ ಬರುತ್ತದೆ, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿರುತ್ತಾರೆ. ಅಕ್ಕಿಕಾಳು ಹಾಕುವವರು ಸಾಲಾಗಿ ಹತ್ತಿ, ಫೋಟೋಗೆ ನಿಂತು, ಆಚೆ ಇಳಿಯುತ್ತಾರೆ. ನಾವು ನಿಂತಲ್ಲೇ ನಿಂತರೂ ಆಲ್ಬಮ್ ತುಂಬುತ್ತದೆ. ಬೀಚ್‌ನಲ್ಲಿ ಸ್ಟೇಜೂ ಇಲ್ಲ, ಸಾಲೂ ಇಲ್ಲ. ಲೈಟು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಜನ ಎಲ್ಲೆಲ್ಲೋ ಇರುತ್ತಾರೆ.

ಮೊದಲು ಸೂರ್ಯನ ವಿಷಯ. ನಮಗೆ ಒಂದು ಅನುಕೂಲ ಇದೆ, ಹೆಚ್ಚಿನವರು ಅದನ್ನು ಗಮನಿಸಿಲ್ಲ. ಮ್ಯಾಪ್ ತೆಗೆದು ನೋಡಿ. ದಾವಣಗೆರೆ ಮತ್ತು ಗೋಕರ್ಣ ಎರಡೂ ಹೆಚ್ಚುಕಡಿಮೆ 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಚಿತ್ರದುರ್ಗ ಸ್ವಲ್ಪ ಕೆಳಗೆ, ಅಷ್ಟೇ. ಅಂದರೆ ಅಲ್ಲಿ ಸೂರ್ಯ ಯಾವ ದಾರಿಯಲ್ಲಿ ಇಳಿಯುತ್ತಾನೋ ಇಲ್ಲೂ ಅದೇ ದಾರಿ. ಗೋಕರ್ಣ ಪಶ್ಚಿಮಕ್ಕಿರುವುದರಿಂದ ಅಲ್ಲಿ ಆರು ನಿಮಿಷ ತಡವಾಗಿ ಮುಳುಗುತ್ತಾನೆ. ಅಷ್ಟೇ ವ್ಯತ್ಯಾಸ. ಹಾಗಾಗಿ ಬೀಚ್ ಮದುವೆಯ ಬೆಳಕನ್ನು ಕಲಿಯಲು ಬೀಚ್‌ಗೇ ಹೋಗಬೇಕಿಲ್ಲ. ಸೂಳೆಕೆರೆಗೆ ಹೋಗಿ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ ಹೋಗಿ, ಕೊಂಡಜ್ಜಿ ಕೆರೆಗಾದರೂ ಹೋಗಿ. ಸೂರ್ಯ ನೀರಿನ ಕಡೆ ಇಳಿಯುವಂಥ ದಡ ಹುಡುಕಿ, ಸ್ನೇಹಿತರನ್ನು ನಿಲ್ಲಿಸಿಕೊಂಡು, ಮುಳುಗುವ ಒಂದು ಗಂಟೆ ಮುಂಚಿನಿಂದ ಕತ್ತಲಾಗುವವರೆಗೆ ಐದೈದು ನಿಮಿಷಕ್ಕೆ ಒಂದು ಫೋಟೋ ತೆಗೆಯಿರಿ. ಮನೆಗೆ ಬಂದು ಸಾಲಾಗಿ ನೋಡಿ. ಅಷ್ಟು ಪಾಠ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ.

ವಿಡಿಯೋ ಅಂದೆ, ಅದಕ್ಕೆ ಕಾರಣ ಇದೆ. ಯುರೋಪಿನವರು, ಅಮೆರಿಕದವರು ಮಾಡಿದ ಪಾಠಗಳಲ್ಲಿ ಸಂಜೆಯ ಹೊಂಬಿಸಿಲು ಒಂದು ಗಂಟೆ, ಒಂದೂವರೆ ಗಂಟೆ ಸಿಗುತ್ತದೆ ಅನ್ನುತ್ತಾರೆ. ಅವರ ಊರಿನಲ್ಲಿ ಅದು ನಿಜ. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಇಳಿಯುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ, ಗಂಟೆಗೆ 14 ಡಿಗ್ರಿಯಷ್ಟು. ಕಡಲಿನ ಗೆರೆಯಿಂದ 6 ಡಿಗ್ರಿ ಮೇಲಿದ್ದಾಗಿನಿಂದ ಮುಳುಗುವವರೆಗೆ ನಮಗೆ ಸಿಗುವುದು ಸುಮಾರು 25 ನಿಮಿಷ. ಮುಳುಗಿದ ಮೇಲೆ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆಯಬಹುದಾದ ಬೆಳಕು ಇನ್ನೊಂದು 20 ನಿಮಿಷ. ಎರಡೂ ಸೇರಿಸಿದರೂ ಮುಕ್ಕಾಲು ಗಂಟೆ. ಅದರಲ್ಲೂ ಕಡಲಿನ ಮೇಲೆ ಮಬ್ಬು ಇರುವ ದಿನ ಸೂರ್ಯ ನೀರು ಮುಟ್ಟುವ ಮೊದಲೇ ಕಾಣೆಯಾಗುತ್ತಾನೆ. ಆ ಹೊತ್ತಿನಲ್ಲಿ ಮದುಮಗಳ ಅಕ್ಕ ಸೇಫ್ಟಿ ಪಿನ್ ಹುಡುಕುತ್ತಿದ್ದರೆ ಮುಗಿಯಿತು. ಹಾಗಾಗಿ ಮನೆಯವರ ಜೊತೆ ಕೂತು ಮೊದಲೇ ಟೈಮ್ ಬರೆದುಕೊಳ್ಳಿ. ಗೋಕರ್ಣದಲ್ಲಿ ನವೆಂಬರ್ ಮಧ್ಯದಲ್ಲಿ 6 ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಲ್ಲಾದರೆ 7ರ ಹತ್ತಿರ.

ಮುಳುಗುವ ಜಾಗವೂ ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಎರಡೂ ಬದಿಗೆ ಗುಡ್ಡ ಇರುವ ಸಣ್ಣ ಬೀಚ್ ಆದರೆ ಸೂರ್ಯ ನೀರಿಗಿಳಿಯದೆ ಗುಡ್ಡದ ಹಿಂದೆ ಹೋಗುವ ಸಂಭವ ಇದೆ. ಫೋನಿನಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಿವೆ, ಹಿಂದಿನ ಸಂಜೆ ಹೋಗಿ ಕಣ್ಣಾರೆ ನೋಡುವುದು ಅದಕ್ಕಿಂತ ಒಳ್ಳೆಯದು.

ಈಗ ಮುಹೂರ್ತ. ಇದರ ಬಗ್ಗೆ ಫೋಟೋಗ್ರಾಫರ್ ಬಾಯಿ ಬಿಡಬಾರದು ಅನ್ನುವವರಿದ್ದಾರೆ. ನಾನು ಬಿಡುತ್ತೇನೆ, ವಿನಯದಿಂದ. ಅಭಿಜಿನ್ ಲಗ್ನ ಅಂದರೆ ನಡುಮಧ್ಯಾಹ್ನ. ಏಪ್ರಿಲ್ ಕೊನೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಬೀಳದ ದಿನ ಅದು. ಆ ಬಿಸಿಲಿನಲ್ಲಿ ಮರಳಿನ ಮೇಲೆ ಮದುವೆ ಇಟ್ಟರೆ ಎಲ್ಲರ ಕಣ್ಣಿನ ಗುಳಿಯೂ ಕಪ್ಪು, ಮೂಗಿನ ಕೆಳಗೂ ಕಪ್ಪು. ಅದಿರಲಿ, ಪಾಪ, ಹಿರಿಯರ ಗತಿ ಏನು? ನಮ್ಮ ಶಾಸ್ತ್ರದಲ್ಲಿಯೇ ಗೋಧೂಳಿ ಲಗ್ನ ಇದೆಯಲ್ಲ. ಹಸುಗಳು ಮನೆಗೆ ಬರುವ ಹೊತ್ತು, ಧೂಳೆಲ್ಲ ಹೊನ್ನಾಗುವ ಹೊತ್ತು. ಬೀಚ್ ಮದುವೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. "ಸ್ವಾಮಿಗಳೇ, ಗೋಧೂಳಿ ಲಗ್ನ ಬರುತ್ತದಾ ನೋಡಿ" ಅಂತ ಮನೆಯವರ ಕೈಲಿ ಕೇಳಿಸಿ.

ಇನ್ನು ದಿಕ್ಕು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಏಕೆಂದರೆ ಇಡೀ ಮದುವೆಯ ಫೋಟೋ ಇದರ ಮೇಲೆ ನಿಂತಿದೆ. ಸಾಮಾನ್ಯವಾಗಿ ವಧೂವರರನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರೆ. ನಮ್ಮ ಕಡಲು ಇರುವುದು ಪಶ್ಚಿಮಕ್ಕೆ. ಅಂದರೆ ಕಡಲು ಅವರ ಬೆನ್ನ ಹಿಂದೆ, ಸಂಜೆಯ ಸೂರ್ಯನೂ ಬೆನ್ನ ಹಿಂದೆ. ಎದುರು ಬೆಳಕಿನ ಮದುವೆ ಅದು. ಅದರ ಜೊತೆಗೆ ಮಧ್ಯಾಹ್ನದ ಮೇಲೆ ಕಡಲ ಗಾಳಿ ನೀರಿನಿಂದ ನೆಲದ ಕಡೆಗೆ ಬೀಸುತ್ತದೆ. ನೆಲ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಪೂರ್ವಕ್ಕೆ ಮುಖ ಮಾಡಿ ಕೂತ ಮದುಮಗಳ ಬಿಟ್ಟ ಕೂದಲೆಲ್ಲ ಹಿಂದಿನಿಂದ ಹಾರಿ ಮುಖಕ್ಕೆ ಬರುತ್ತದೆ. ಬೋಹೋ ಚಿತ್ರಗಳಲ್ಲಿ ಕೂದಲು ಚೆಂದಾಗಿ ಹಿಂದಕ್ಕೆ ಹಾರುತ್ತದಲ್ಲ, ಆ ಹುಡುಗಿ ಗಾಳಿ ಬರುವ ಕಡೆಗೇ ಮುಖ ಮಾಡಿ ನಿಂತಿರುತ್ತಾಳೆ.

ಇದಕ್ಕೆ ಏನು ಮಾಡಬೇಕು? ಕೂರಿಸುವ ದಿಕ್ಕು ಬದಲಿಸಿ ಅಂತ ನಾನು ಹೇಳುವುದಿಲ್ಲ, ಅದು ಮನೆಯವರ ನಂಬಿಕೆ. ಎದುರು ಬೆಳಕಿಗೆ ಹೆದರಬೇಡಿ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬಣ್ಣದ ಬೂದಿ ಅಂದುಕೊಳ್ಳುತ್ತದೆ. ಹೊಳೆಯುವ ಮರಳು, ಆಕಾಶ, ನೀರು ನೋಡಿ "ಬೆಳಕು ಜಾಸ್ತಿ" ಅಂತ ಮುಖವನ್ನು ಕಪ್ಪು ಮಾಡುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಮೇಲೆ ಇಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು), ಇಲ್ಲವೇ ಸ್ಪಾಟ್ ಮೀಟರ್ ಹಾಕಿ ಕೆನ್ನೆಯನ್ನೇ ಅಳೆಯಿರಿ. ಆಕಾಶ ಸ್ವಲ್ಪ ಬಿಳಿಯಾದರೆ ಆಗಲಿ. ಮುಖ ಮುಖ್ಯ. ಇನ್ನು ಒಣ ಮರಳು ಬಿಳಿ, ಅದೇ ಕೆಳಗಿನಿಂದ ಮುಖಕ್ಕೆ ಬೆಳಕು ಎಸೆಯುತ್ತದೆ. ಅವರನ್ನು ಒದ್ದೆ ಮರಳಿನ ಹತ್ತಿರ ಕೂರಿಸದೆ ನಾಲ್ಕು ಹೆಜ್ಜೆ ಮೇಲೆ, ಒಣ ಮರಳಿನಲ್ಲಿ ಕೂರಿಸಿದರೆ ಸಾಕು, ರಿಫ್ಲೆಕ್ಟರ್ ಹಿಡಿಯುವ ಹುಡುಗ ಬೇಕಾಗುವುದಿಲ್ಲ. ಶಾಸ್ತ್ರ ಮುಗಿದ ಕೂಡಲೇ ಇಬ್ಬರೂ ಎದ್ದು ಕಡಲಿನ ಕಡೆ ತಿರುಗುತ್ತಾರೆ. ಎಲ್ಲರೂ ತಿರುಗಿಯೇ ತಿರುಗುತ್ತಾರೆ, ಹೇಳಬೇಕಾಗಿಲ್ಲ. ಆ ಕ್ಷಣಕ್ಕೆ ನೀವು ನೀರಿನ ಕಡೆ ಹೋಗಿ ನಿಂತಿರಬೇಕು. ಹೊಂಬಿಸಿಲು ಮುಖದ ಮೇಲೆ, ಕೂದಲು ಹಿಂದಕ್ಕೆ. ಒಬ್ಬರು ನೆಲದ ಕಡೆ, ಒಬ್ಬರು ನೀರಿನ ಕಡೆ, ಹೀಗೆ ಇಬ್ಬರು ಇದ್ದರೆ ಎರಡೂ ಸಿಗುತ್ತದೆ.

ಹಗಲಿನಲ್ಲಿಯೇ ತೆಗೆಯಬೇಕಾಗಿ ಬಂದರೆ ಫಿಲ್ಮ್ ಕಾಲದ ಲೆಕ್ಕ ನೆನಪಿರಲಿ. ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ಕ್ಕೆ ಶಟರ್ 1/100 ಸೆಕೆಂಡ್, ಲೆನ್ಸಿನ ಕಿಂಡಿ ಎಫ್ 16. ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಸಣ್ಣದು. ಬೀಚ್‌ನಲ್ಲಿ ಅದು ಎಫ್ 22. ಹಿನ್ನೆಲೆ ಮಸುಕಾಗಲಿ ಅಂತ ಎಫ್ 2.8 ಇಟ್ಟರೆ ಶಟರ್ 1/6400ಕ್ಕೆ ಹೋಗುತ್ತದೆ. ಸಾಮಾನ್ಯ ಫ್ಲಾಶ್ 1/200, 1/250ರ ಮೇಲೆ ಹೊಂದುವುದಿಲ್ಲ. ಅದಕ್ಕಿಂತ ವೇಗದ ಶಟರ್‌ಗೂ ಹೊಂದುವ ಹೈಸ್ಪೀಡ್ ಸಿಂಕ್ ಫ್ಲಾಶ್ ಬೇಕು, ಇಲ್ಲವೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಎರಡೂ ಇಲ್ಲದಿದ್ದರೆ ನೆರಳಿಗೆ ಕರೆದುಕೊಂಡು ಹೋಗಿ.

ಇನ್ನೊಂದು ಸಣ್ಣ ವಿಷಯ, ಮಂಟಪದಲ್ಲಿ ಬರದೇ ಇರುವಂಥದ್ದು. ಕಡಲಿನ ಗೆರೆ ಯಾರ ಕುತ್ತಿಗೆಯ ಮೇಲೂ ಹಾಯಬಾರದು. ಕ್ಯಾಮೆರಾ ಹಿಡಿದ ನೀವು ಒಂದು ಹಿಡಿ ಕೆಳಗೆ ಕೂತರೆ ಗೆರೆ ಎದೆಗೆ ಇಳಿಯುತ್ತದೆ, ಕುರ್ಚಿ ಹತ್ತಿದರೆ ತಲೆಯ ಮೇಲೆ ಹೋಗುತ್ತದೆ. ಗೆರೆ ಸೊಟ್ಟ ಇದ್ದರೆ ನೀರು ಒಂದು ಕಡೆ ಹರಿದ ಹಾಗೆ ಕಾಣುತ್ತದೆ, ಅದಕ್ಕೆ ಕ್ಯಾಮೆರಾದಲ್ಲಿ ಲೆವೆಲ್ ಗೆರೆ ಆನ್ ಮಾಡಿ ಇಡಿ.

ನೀರಿನ ಲೆಕ್ಕ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜಾಸ್ತಿ. ಹಿಂದಿನ ಸಂಜೆ ಅಗಲವಾಗಿ ಕಂಡ ಮರಳು ಮುಹೂರ್ತದ ಹೊತ್ತಿಗೆ ಅಷ್ಟೇ ಅಗಲ ಇರುತ್ತದೆ ಅಂದುಕೊಳ್ಳಬೇಡಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಬ್ಬರ ಇಳಿತದ ಟೈಮು, ದೊಡ್ಡ ಅಲೆಗಳ ಎಚ್ಚರಿಕೆ ಎರಡನ್ನೂ ಕೊಡುತ್ತದೆ. ಅದನ್ನು ನೋಡಿ, ಆಮೇಲೆ ದೋಣಿ ಎಳೆಯುತ್ತಿರುವ ಮೀನುಗಾರರ ಹತ್ತಿರ ಹೋಗಿ "ನಾಳೆ ಸಂಜೆ ನೀರು ಎಲ್ಲಿವರೆಗೆ ಬರುತ್ತದೆ?" ಅಂತ ಕೇಳಿ. ಅವರು ಕಾಲಿನಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಮಂಟಪದ ಬಿದಿರು ಆ ಗೆರೆಯ ಮೇಲ್ಗಡೆ. ನೀರು ಇಳಿಯುತ್ತಿರುವ ಸಂಜೆ ಸಿಕ್ಕರೆ ಪುಣ್ಯ, ಒದ್ದೆ ಮರಳು ಕನ್ನಡಿಯಾಗಿ ಇಡೀ ಆಕಾಶ ಕೆಳಗೂ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಯಾರಿಗಾಗಿ? ಜನರಿಗಾಗಿ. ನನಗೆ ಬಹಳ ಇಷ್ಟವಾದ ಭಾಗ ಇದು.

ನಮ್ಮ ಕಡೆಯಿಂದ ಹೋಗುವ ದಿಬ್ಬಣದಲ್ಲಿ ಒಂದು ವಿಶೇಷ ಇರುತ್ತದೆ. ಹಾವೇರಿ, ಶಿರಸಿ, ದೇವಿಮನೆ ಘಟ್ಟ ದಾಟಿ ಬಸ್ಸಿನಲ್ಲಿ ಇಳಿದವರಲ್ಲಿ ಕೆಲವರು ಕಡಲನ್ನೇ ನೋಡಿರುವುದಿಲ್ಲ. ಮೊಬೈಲಿನಲ್ಲಿ ತೋರಿಸಿದ ಬೋಹೋ ಚಿತ್ರಗಳಲ್ಲಿ ಇವರು ಇರುವುದಿಲ್ಲ, ಅಲ್ಲಿರುವುದು ಜೋಡಿ ಮಾತ್ರ. ನಮ್ಮ ಮದುವೆಯ ನಿಜವಾದ ಚಿತ್ರ ಇವರೇ.

ಜಗಳೂರು ಕಡೆಯ ಒಬ್ಬ ಅಜ್ಜಿ. ಮದುಮಗಳ ತಾಯಿಯ ತಾಯಿ. ಇಳಕಲ್ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಮ್ಮಗಳ ರಟ್ಟೆ ಹಿಡಿದು ನೀರಿಗೆ ಇಳಿದರು. ಅಲೆ ಬಂದು ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರುತ್ತದಲ್ಲ, ಅದಕ್ಕೆ "ಅಯ್ ಶಿವನೇ, ಭೂಮಿನೇ ಎಳಕಂಡ್ ಹೋಗ್ತೈತಲ್ಲೇ" ಅಂದರು. ಅವರು ಕಡಲನ್ನು ನೋಡುತ್ತಲೇ ಇರಲಿಲ್ಲ, ತಮ್ಮ ಪಾದಗಳನ್ನೇ ನೋಡುತ್ತಿದ್ದರು. ನಾನು ಮುಖ ಬಿಟ್ಟು ಪಾದ ತೆಗೆದೆ. ಒಡೆದ ಹಿಮ್ಮಡಿ, ಸವೆದು ತೆಳ್ಳಗಾದ ಕಾಲುಂಗುರ, ಪಕ್ಕದಲ್ಲಿ ಮೆಹೆಂದಿ ಹಾಕಿದ ಹುಡುಗಿಯ ಕಾಲು, ಎರಡರ ನಡುವೆ ನೊರೆ. ಅವರ ಮನೆಯ ಪಡಸಾಲೆಯಲ್ಲಿ ಈಗ ದೊಡ್ಡದಾಗಿ ಫ್ರೇಮ್ ಹಾಕಿಸಿ ಇಟ್ಟಿರುವುದು ಆ ಫೋಟೋ.

ಅಂಥದ್ದು ಹೇಳಿ ಮಾಡಿಸಿದರೆ ಬರುವುದಿಲ್ಲ. ಆದರೆ ಬರುವ ಹಾಗೆ ದಾರಿ ಮಾಡಬಹುದು. ಹಿರಿಯರು ಮೆತ್ತನೆ ಮರಳಿನಲ್ಲಿ ನಡೆಯಲಾರರು. ಗಟ್ಟಿ ಮರಳಿನವರೆಗೆ ಹಲಗೆ ಹಾಕಿಸಿ ಅಂತ ಡೆಕೊರೇಷನ್‌ನವರಿಗೆ ಹೇಳಿ. ಜಮಖಾನ, ದಿಂಬು ಹುಡುಗರಿಗೆ ಸರಿ, ಮಂಡಿ ನೋವಿನ ದೊಡ್ಡಪ್ಪನಿಗೆ ಕುರ್ಚಿ ಬೇಕು. ನೀರು, ನೆರಳು ಬೇಕು. ಕಷ್ಟದಲ್ಲಿ ಕೂತವರ ಮುಖದಲ್ಲಿ ಆರಾಮ ಹೇಗೆ ಬಂದೀತು?

ಗ್ರೂಪ್ ಫೋಟೋ ಬೇಡ ಅನ್ನುತ್ತಾರೆ ಜೋಡಿ. ತೆಗೆಯಿರಿ, ಖಂಡಿತ ತೆಗೆಯಿರಿ. ಹತ್ತು ವರ್ಷ ಆದ ಮೇಲೆ ಅವರೇ ಹುಡುಕುವುದು ಅದನ್ನು. ನಾಲ್ಕು ಗಂಟೆಗೆ, ಶಾಸ್ತ್ರ ಶುರುವಾಗುವ ಮೊದಲು, ಗಾಳಿ ಮರದ ನೆರಳಿನಲ್ಲಿ ಮುಗಿಸಿಬಿಡಿ. ಎರಡೂ ಕಡೆಯ ಬಳಗ ಗೊತ್ತಿರುವ ಒಬ್ಬ ಸೋದರಮಾವನ ಕೈಗೆ ಪಟ್ಟಿ ಕೊಡಿ, ಕರೆಯುವ ಕೆಲಸ ಅವರದ್ದು. ಆಮೇಲೆ ಸಂಜೆಯೆಲ್ಲ ಯಾರನ್ನೂ ನಿಲ್ಲಿಸಬೇಕಾಗಿಲ್ಲ.

ಜೋಡಿಗೆ ಪೋಸ್ ಹೇಳುವ ಬದಲು ಕೆಲಸ ಕೊಡಿ. ನಮ್ಮವರು ಎಲ್ಲಿಗೆ ಹೋದರೂ ಮಂಡಕ್ಕಿ ಚೀಲ ಜೊತೆಗೇ ಹೋಗುತ್ತದೆ. ಒಂದು ಪೇಪರ್ ಹಾಸಿ, ಖಾರ ಮಂಡಕ್ಕಿ ಸುರಿದು, ಗೆಳೆಯರ ನಡುವೆ ಇಬ್ಬರನ್ನೂ ಕೂರಿಸಿ ನೀವು 85 ಎಂಎಂ ಲೆನ್ಸ್ ಹಿಡಿದು ದೂರ ಹೋಗಿಬಿಡಿ. ಮೆಣಸಿನಕಾಯಿ ಕಚ್ಚಿದ ಮದುಮಗನ ಮುಖ ಸುಮ್ನೆ ಸಿಗುತ್ತದೆ.

ಅಲಂಕಾರದ ಬಗ್ಗೆ ಒಂದು ಮಾತು. ಬೋಹೋ ಅಂತ ಕನ್ನಡಿ ಕೂರಿಸಿದ ಬಟ್ಟೆ, ಬಣ್ಣದ ದಾರದ ಕಸೂತಿ ಹುಡುಕಿ ಆನ್‌ಲೈನ್‌ನಲ್ಲಿ ಮಿಷನ್ ಹೊಲಿಗೆಯದ್ದು ತರಿಸುತ್ತಾರೆ. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಎಷ್ಟು ಲಂಬಾಣಿ ತಾಂಡಾಗಳಿವೆ! ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ನಮ್ಮ ನ್ಯಾಮತಿ ತಾಲ್ಲೂಕಿನಲ್ಲಿ. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಕೈಯಿಂದ ಮಾಡಿದವರ ಹತ್ತಿರವೇ, ಅವರು ಹೇಳಿದ ಬೆಲೆ ಕೊಟ್ಟು ತನ್ನಿ ಅಂತ ಜೋಡಿಗೆ ಹೇಳಿ. ನೆಲಕ್ಕೆ ಚಳ್ಳಕೆರೆ ಕಂಬಳಿ, ಅಜ್ಜಿ ಹೊಲಿದ ಕೌದಿ ಹಾಸಲಿ. ಮದುಮಗಳು ಮೊಳಕಾಲ್ಮೂರು ರೇಷ್ಮೆ ಉಡಲಿ. ಸಂಜೆ ಬೆಳಕಿನಲ್ಲಿ ಕೈಮಗ್ಗದ ರೇಷ್ಮೆಯ ಹೊಳಪನ್ನು ನೀವೇ ನೋಡುತ್ತೀರಿ.

ಹಾಗೆ ತಂದ ಬಣ್ಣವನ್ನು ಎಡಿಟಿಂಗ್‌ನಲ್ಲಿ ಕೊಲ್ಲಬೇಡಿ. ಬೋಹೋ ಪ್ರೀಸೆಟ್ ಅಂತ ಮಾರುವ ಸಿದ್ಧ ಬಣ್ಣದ ಸೆಟ್ಟಿಂಗ್‌ಗಳೆಲ್ಲ ಹಸಿರನ್ನು ಕಂದು ಮಾಡುತ್ತವೆ, ಕೆಂಪನ್ನು ಇಟ್ಟಿಗೆ ಬಣ್ಣ ಮಾಡುತ್ತವೆ. ಅವು ಬಿಳಿ ಚರ್ಮ, ಬಿಳಿ ಗೌನು ನೋಡಿ ಮಾಡಿದವು. ನಮ್ಮ ಮೈಬಣ್ಣಕ್ಕೆ ಹಾಕಿದರೆ ಮಣ್ಣು ಮೆತ್ತಿದ ಹಾಗಾಗುತ್ತದೆ, ಅರಿಶಿನ ಸಾಸಿವೆಯಾಗುತ್ತದೆ. ಕುಂಕುಮ ಕುಂಕುಮದ ಹಾಗೇ ಇರಬೇಕು. ಮೊದಲು ಮುಖದ ಬಣ್ಣ ಸರಿಮಾಡಿ, ಆಮೇಲೆ ಉಳಿದದ್ದು.

ಸಾಮಾನು ಬೇಗ ಹೇಳಿಬಿಡುತ್ತೇನೆ. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ, ಎರಡು ಕ್ಯಾಮೆರಾ ಬಾಡಿ ಇರಲಿ, ಒಂದಕ್ಕೆ 35 ಎಂಎಂ ಲೆನ್ಸ್, ಒಂದಕ್ಕೆ 85. ಎಸಿ ರೂಮಿನಿಂದ ನೇರ ಹೊರಗೆ ತಂದರೆ ಗಾಜಿಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಮೊದಲೇ ಬ್ಯಾಗಿನಲ್ಲಿಯೇ ಹೊರಗಿಡಿ. ರಾತ್ರಿ ಮೊದಲು ಬ್ಲೋವರ್‌ನಿಂದ ಮರಳು ಊದಿ, ಆಮೇಲೆ ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ. ಊದದೆ ಒರೆಸಿದರೆ ಗಾಜಿಗೆ ಗೀರು ಗ್ಯಾರಂಟಿ. ವಿಡಿಯೋ ಮಾಡುವವರು ಮೈಕಿಗೆ ತುಪ್ಪಳದ ಕವರ್ ಹಾಕಲೇಬೇಕು. ಇಲ್ಲದಿದ್ದರೆ ಮಂತ್ರ ಕೇಳುವುದಿಲ್ಲ, ಗಾಳಿ ಮಾತ್ರ ಕೇಳುತ್ತದೆ.

ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮ ಓದಿ. 250 ಗ್ರಾಂ ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರದ್ದನ್ನು ದುಡಿಮೆಗೆ ಹಾರಿಸುವುದಾದರೆ ಬೇಕು. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ಆ ಜಾಗ ಯಾವ ವಲಯದಲ್ಲಿದೆ ನೋಡಿ. ಕಾರವಾರದ ಕಡೆಯಂತೂ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ, ಸಲೀಸಾಗಿ ತಗೋಬೇಡಿ.

ಕೊನೆಗೆ ಕಡಲಾಮೆ. ಉತ್ತರ ಕನ್ನಡದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುವುದು ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ, ಸರಿಯಾಗಿ ನಮ್ಮ ಮದುವೆ ಸೀಸನ್ನಿನಲ್ಲಿ. ಮರಿಗಳು ರಾತ್ರಿ ಹೊರಬಂದು ಬೆಳಕು ಕಂಡ ಕಡೆ ಓಡುತ್ತವೆ, ಬೆಳಕು ಇರುವ ಕಡೆ ಕಡಲು ಅಂತ ಅವುಗಳ ಲೆಕ್ಕ. ನಮ್ಮ ಎಲ್‌ಇಡಿ ಪ್ಯಾನೆಲ್ ಅವುಗಳನ್ನು ಊರಿನ ಕಡೆ ಕರೆಯುತ್ತದೆ. ಮೊಟ್ಟೆ ಇರುವ ಜಾಗಕ್ಕೆ ಅರಣ್ಯ ಇಲಾಖೆಯವರು ಬಲೆ ಕಟ್ಟಿರುತ್ತಾರೆ, ಅಲ್ಲಿಂದ ದೂರ ಇರಿ. ಕತ್ತಲಾದ ಮೇಲೆ ದೊಡ್ಡ ಲೈಟು ಆರಿಸಿ. ಎಣ್ಣೆ ದೀಪದ ಬೆಳಕಿಗೆ ಐಎಸ್‌ಒ 6400 ಇಟ್ಟರೆ ಈಗಿನ ಕ್ಯಾಮೆರಾಗಳಲ್ಲಿ ಫೋಟೋ ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಪಾರ್ಟಿ ಒಂದು ದಿನದ ದುಡ್ಡು ಕೊಡ್ತೀವಿ ಅಂತಾರೆ. ಹಿಂದಿನ ದಿನ ಹೋಗೋದು ಹೆಂಗೆ?"

ಒಳ್ಳೆಯ ಪ್ರಶ್ನೆ. ಹಿಂದಿನ ದಿನವನ್ನು ಬೇರೆ ಸಾಲಿನಲ್ಲಿ ಬರೆಯಿರಿ, "ಜಾಗ ನೋಡುವುದು" ಅಂತ. ಅದಕ್ಕೆ ಇಂತಿಷ್ಟು, ಬಸ್ ಚಾರ್ಜ್ ಇಷ್ಟು, ರೂಮು ಇಷ್ಟು. ಮುಳುಗುವ ಟೈಮು, ಉಬ್ಬರದ ಟೈಮು, ಗ್ರೂಪ್ ಫೋಟೋ ಜಾಗ ಬರೆದ ಒಂದು ಹಾಳೆಯನ್ನು ಮನೆಯವರಿಗೂ ಪುರೋಹಿತರಿಗೂ ಡೆಕೊರೇಷನ್‌ನವರಿಗೂ ಕೊಡುತ್ತೇನೆ ಅಂತ ಹೇಳಿ. ಹಾಳೆ ನೋಡಿದವರು ಆ ದುಡ್ಡಿಗೆ ಚೌಕಾಸಿ ಮಾಡುವುದು ಕಡಿಮೆ. ಅಷ್ಟಾದರೂ ಒಪ್ಪದಿದ್ದರೆ ಆಲ್ಬಮ್‌ನಲ್ಲಿ ಹಾಳೆ ಕಡಿಮೆ ಮಾಡಿ ಆ ದುಡ್ಡಿನಲ್ಲಿ ಹಿಂದಿನ ಸಂಜೆ ಹೋಗಿ.